ಸಾಸಿವೆ ದಿಂಬು ತೆಗೆದಿಟ್ಟೆ ಮೇಡಂ

ಆಪ್ತ ಸಮಾಲೋಚನೆಗೆ ಬರುವ ಬಾಣಂತಿಯರ ಇದೇ ಕಥೆ ಈ ವರ್ಷ ನನ್ನ ಮುಂದೆ ಬಂದಿದ್ದು ನಾಲ್ಕನೇ ಸಲ. ಊರು ಬೇರೆ, ಮನೆ ಬೇರೆ. ಜೊತೆಗೆ ಬಂದ ಹಿರಿಯರು ಕೂತ ತಕ್ಷಣ ಹೇಳುವ ಮಾತು ಮಾತ್ರ ಒಂದೇ: "ಅಳೋ ಮಗೂನ ಬಿಟ್ಟು ಎದ್ದು ಹೋದ್ಲು ಮೇಡಂ." ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಸುಮಾ ಅಂತಿಟ್ಟುಕೊಳ್ಳೋಣ.

ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತವರಿನಲ್ಲಿದ್ದಳು. ಗಂಡ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ರಾತ್ರಿ ಬಸ್ಸು ಹತ್ತುವವನು. ಮಗುವಿಗೆ ಆರು ವಾರ. ಸಂಜೆ ಆರಕ್ಕೆ ಶುರುವಾದ ಅಳು ಒಂಬತ್ತಾದರೂ ನಿಲ್ಲುತ್ತಿರಲಿಲ್ಲ. ಮಕ್ಕಳ ಡಾಕ್ಟರು ನೋಡಿ, ತೂಕ ಚೆನ್ನಾಗಿ ಏರುತ್ತಿದೆ, ತೊಂದರೆ ಏನೂ ಕಾಣುತ್ತಿಲ್ಲ ಅಂದಿದ್ದರು. ಒಂದು ಸಂಜೆ ಸುಮಾ ಮಗುವನ್ನು ಮಲಗಿಸಿ, ಬಾಗಿಲು ಮುಂದೆ ಮಾಡಿ, ತಾರಸಿಗೆ ಹೋಗಿ ನಿಂತಳು. ದೇವಸ್ಥಾನದಿಂದ ಅಮ್ಮ ಬಂದಾಗ ಮಗು ಒಂದೇ ಸಮನೆ ಅಳುತ್ತಿತ್ತು. ಆಮೇಲೆ ಮನೆಯಲ್ಲಿ ನಡೆದ ಮಾತುಕತೆ ನಿಮಗೇ ಗೊತ್ತಾಗುತ್ತದೆ, ಬಿಡಿ.

ಮೊದಲ ಭೇಟಿಯಲ್ಲಿ ಎಡವಿದ್ದು ನಾನೇ. ಅಮ್ಮ ಮುಕ್ಕಾಲು ಗಂಟೆ ಮಾತಾಡಿದರು, ನಾನು ತಲೆಯಾಡಿಸಿದೆ. ಸುಮಾ ಕಿವಿಗೆ ಕಟ್ಟಿದ್ದ ಸ್ಕಾರ್ಫಿನ ತುದಿ ತಿರುಚುತ್ತಾ ಕೂತಿದ್ದಳು. ಎರಡನೇ ಸಲ ಅಮ್ಮನ ಕೈಗೆ ಮಗು ಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ.

"ಎದ್ದು ಹೋಗೋ ಮುಂಚೆ ಏನಾಯ್ತು?" ಅಂತ ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದಳು. "ಎರಡೂ ಕೈಯಲ್ಲಿ ಹಿಡ್ಕೊಂಡು ಜೋರಾಗಿ ಅಲ್ಲಾಡಿಸಿಬಿಡ್ತೀನೇನೋ ಅನ್ನಿಸ್ತು ಮೇಡಂ. ಕೈ ನಡುಗ್ತಿತ್ತು. ನಾನು ರಾಕ್ಷಸಿ ಅಲ್ವಾ?"

"ಆಮೇಲೆ ಏನು ಮಾಡಿದ್ರಿ? ಒಂದೊಂದೇ ಹೇಳಿ."

"ತೊಟ್ಟಿಲಲ್ಲಿ ಮಲಗಿಸಿದೆ. ಅಂಗಾತ. ಮುಖದ ಹತ್ರ ಇದ್ದ ಬಟ್ಟೆ ಈಚೆಗೆ ಎಳೆದೆ. ತಲೆ ದುಂಡಗಾಗ್ಲಿ ಅಂತ ಅಮ್ಮ ಹೊಲಿದಿದ್ರಲ್ಲ, ಆ ಸಾಸಿವೆ ದಿಂಬು ತೆಗೆದಿಟ್ಟೆ ಮೇಡಂ. ಆಮೇಲೆ ಹೋದೆ."

"ರಾಕ್ಷಸಿ ದಿಂಬು ತೆಗೆದಿಡ್ತಾಳಾ?" ಅಂದೆ. ಆಗ ಅತ್ತಳು. ನಾನೂ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದೆ.

ಕೈ ನಡುಗುವಷ್ಟು ಸಿಟ್ಟು, ಸುಸ್ತು. ಆ ಹೊತ್ತಲ್ಲೂ ಮಗುವಿನ ಉಸಿರಿಗೆ ಏನೂ ಅಡ್ಡ ಬರಬಾರದು ಅನ್ನುವ ಎಚ್ಚರ ಅವಳಿಗಿತ್ತು. ಹಸುಗೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ, ಕತ್ತಿಗೆ ಬಲವಿಲ್ಲ. ಜೋರಾಗಿ ಕೆಲವೇ ಸೆಕೆಂಡು ಅಲ್ಲಾಡಿಸಿದರೂ ಮಿದುಳಿನ ಸುತ್ತ ರಕ್ತಸ್ರಾವವಾಗಬಹುದು, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಹತ್ತು ನಿಮಿಷ ಅತ್ತದ್ದರಿಂದ ಹಾಗಾಗುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮುಂದೆಯೂ ಹಾಗನ್ನಿಸಿದರೆ ಇದನ್ನೇ ಮಾಡಿ. ಅಂಗಾತ ಮಲಗಿಸಿ, ದಿಂಬು ಬೇಡ, ಮುಖದ ಹತ್ರ ಬಟ್ಟೆ ಬೇಡ. ಐದು ಹತ್ತು ನಿಮಿಷ ಆಚೆ ಬನ್ನಿ. ಮುಖಕ್ಕೆ ನೀರು ಹಾಕಿಕೊಳ್ಳಿ, ಯಾರಿಗಾದರೂ ಫೋನ್ ಮಾಡಿ. ಮತ್ತೆ ಹೋಗಿ ನೋಡಿ. "ಇನ್ನು ನನ್ನ ಕೈಲಾಗಲ್ಲ" ಅಂತ ಬಾಯಿಬಿಟ್ಟು ಹೇಳಿ, ಕೇಳಿದವರು ಮಗುವನ್ನು ಎತ್ತಿಕೊಳ್ಳಬೇಕು, ಪ್ರಶ್ನೆ ಕೇಳಬಾರದು.

ಇದಕ್ಕೆ ಬೈಸಿಕೊಂಡಿದ್ದೇನೆ. "ಮಗು ಬಿಟ್ಟು ಹೋಗೋಕೆ ಹೇಳ್ಕೊಡ್ತೀರಾ?" ಅಂತ ಒಬ್ಬರು ಮುಖಕ್ಕೇ ಕೇಳಿದರು. ಹೌದು, ಹೇಳಿಕೊಡುತ್ತೇನೆ. ನಮ್ಮಲ್ಲಿ ತಾಯಿಗೆ ತಾಳ್ಮೆ ಹುಟ್ಟಿನಿಂದಲೇ ಬಂದಿರುತ್ತದೆ ಅಂತ ನಂಬಿ ಕೂತಿದ್ದೇವೆ. ಮೂರು ಗಂಟೆ ಒಂದೇ ಸಮ ಅಳು ಕೇಳಿದವರಿಗೆ ತಾಳ್ಮೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ಗೊತ್ತು. ಹುಟ್ಟಿದ ಎರಡು ವಾರಕ್ಕೆ ಈ ಅಳು ಏರಲು ಶುರುವಾಗಿ, ಆರು ವಾರದ ಆಸುಪಾಸಿನಲ್ಲಿ ಜಾಸ್ತಿಯಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆರೋಗ್ಯವಾಗಿರುವ ಮಕ್ಕಳೂ ಹೀಗೆ ಅಳುತ್ತವೆ. ಇದನ್ನು ಸುಮಾಗೆ ಯಾರೂ ಹೇಳಿರಲಿಲ್ಲ. "ಹಾಲು ಸಾಲ್ತಿಲ್ಲ", "ದೃಷ್ಟಿ ಆಗಿದೆ" ಅಂತ ಹೇಳಿದವರು ಮಾತ್ರ ಬೇಕಾದಷ್ಟು ಜನ. ದೃಷ್ಟಿ ತೆಗೆಯಿರಿ, ನನ್ನ ತಕರಾರಿಲ್ಲ. ಅಳು ನಿಲ್ಲಲಿ ಅಂತ ಜೇನು ಮಾತ್ರ ನೆಕ್ಕಿಸಬೇಡಿ, ವರ್ಷ ತುಂಬುವವರೆಗೆ ಅದು ಅಪಾಯ.

ಎಲ್ಲ ಅಳುವೂ ಬರೀ ಅಳು ಅಂತಲೂ ನಾನು ಹೇಳುತ್ತಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ, ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಸುಮಾಳನ್ನು ಇನ್ನೊಂದು ಪ್ರಶ್ನೆಯನ್ನೂ ನೇರವಾಗಿ ಕೇಳಿದೆ, ಸಾಯಬೇಕು ಅನ್ನಿಸುತ್ತದಾ ಅಂತ. ಇಲ್ಲ ಅಂದಳು. ಆದರೆ ಮಗು ಮಲಗಿದರೂ ತನಗೆ ನಿದ್ದೆ ಬರುತ್ತಿಲ್ಲ, ಊಟ ರುಚಿಸುತ್ತಿಲ್ಲ ಅಂದದ್ದರಿಂದ ಮನೋವೈದ್ಯರ ಹತ್ತಿರ ಕಳಿಸಿದೆ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಟ್ಟೆ. ಹಾಲೂಡಿಸುವಾಗಲೂ ಕೊಡಬಹುದಾದ ಔಷಧಿಗಳಿವೆ, ಹೆದರಿ ತಪ್ಪಿಸಬೇಡಿ ಅಂತ ಅಮ್ಮನಿಗೂ ಹೇಳಿದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ.

ಮೂರನೇ ಭೇಟಿಗೆ ಬರುತ್ತೇನೆ ಅಂದಿದ್ದ ಗಂಡ ಬರಲಿಲ್ಲ. ಫೋನನ್ನು ಸ್ಪೀಕರಿನಲ್ಲಿಟ್ಟು ಮಾತಾಡಿದೆವು. ವಾರದ ಮಧ್ಯೆ ಒಂದು ರಾತ್ರಿ ಬರುತ್ತೇನೆ, ಆ ರಾತ್ರಿ ಮಗು ನನ್ನದು ಅಂದ. ಕೊನೆಗೆ ಕೇಳಿದ, "ಮೇಡಂ, ಆ ದಿಂಬು ಯಾಕೆ ತೆಗೀಬೇಕು?"

ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಾ ಫೋನಿನ ಹತ್ತಿರ ಬಗ್ಗಿ, "ನಾನು ಹೇಳ್ತೀನಿ ಕೇಳಿ" ಅಂದಳು.