ಭಾಗಾಕಾರ ಸರಿ, ಭಾಜಕ ತಪ್ಪು

ಕಾರವಾರದ ಕೋಡಿಬಾಗದಿಂದ ಬಿ.ಕಾಂ. ಓದುತ್ತಿರುವ ಓದುಗಿಯೊಬ್ಬರ ಪತ್ರದ ಸಾರ ಇದು: "ನೌಕಾಪಡೆಗೆ 26 ರಫಾಲ್ ವಿಮಾನ ಕೊಳ್ಳಲು ಸುಮಾರು 63,000 ಕೋಟಿ ರೂಪಾಯಿ ಎಂದು ಓದಿದೆ. ಭಾಗಿಸಿದರೆ ಒಂದಕ್ಕೆ 2,400 ಕೋಟಿಗೂ ಮೇಲೆ. ಇದು ಲೂಟಿಯಲ್ಲದೆ ಮತ್ತೇನು? ನಮ್ಮ ಜಿಲ್ಲೆಯಲ್ಲಿ ದೊಡ್ಡ ಅಪಘಾತವಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಒಂದು ವಿಮಾನ ಕಡಿಮೆ ಮಾಡಿದರೆ ಒಂದು ಆಸ್ಪತ್ರೆ ಆಗುವುದಿಲ್ಲವೇ? ತರಗತಿಯಲ್ಲಿ ಇದನ್ನು ಕೇಳಿದ್ದಕ್ಕೆ, ದೇಶರಕ್ಷಣೆಯಲ್ಲಿ ಲೆಕ್ಕ ಕೇಳಬಾರದು ಎಂದು ಗೆಳತಿಯರೇ ಬಾಯಿ ಮುಚ್ಚಿಸಿದರು. ನಾನು ಕೇಳಿದ್ದು ತಪ್ಪೇ?"

ತಂಗೀ, ಕೇಳಿದ್ದು ಖಂಡಿತ ತಪ್ಪಲ್ಲ. ಕೇಳುವ ಹಕ್ಕು ಯಾರಿಗಾದರೂ ಮೊದಲು ಸಲ್ಲುವುದಿದ್ದರೆ ಅದು ನಿಮ್ಮ ಊರಿನವರಿಗೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ಎಂಬ ನೌಕಾನೆಲೆ ಯೋಜನೆಗೆ ಅಡಿಗಲ್ಲಿಟ್ಟರು. ಅರ್ಗಾದಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ಕ್ಕೆ. ಈ ಯೋಜನೆಗಾಗಿ ಕಾರವಾರ, ಅಂಕೋಲೆ ಕಡೆಯ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ತೆಂಗಿನ ತೋಟ, ದೋಣಿ ಎಳೆದಿಡುತ್ತಿದ್ದ ಬೇಲೆ, ದೈವದ ಕಟ್ಟೆ ಎಲ್ಲ ಬಿಟ್ಟು ಎದ್ದವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ಯುದ್ಧವಿಮಾನದ ಬೆಲೆಯನ್ನು ಬೇರೆ ಜಿಲ್ಲೆಯವರು ತೆರಿಗೆಯಲ್ಲಿ ಕೊಟ್ಟಿದ್ದಾರೆ. ನಾವು ಅದರ ಜೊತೆಗೆ ಮನೆಯನ್ನೂ ಕೊಟ್ಟಿದ್ದೇವೆ.

ಇಷ್ಟು ಹೇಳಿದ ಮೇಲೆ ಒಂದು ಗದರಿಕೆಯೂ ಇದೆ. ವಾಣಿಜ್ಯ ಓದುವವರು 63,000ವನ್ನು 26ರಿಂದ ಭಾಗಿಸಿ ಅಲ್ಲಿಗೇ ನಿಲ್ಲಬಾರದು. 2025ರ ಏಪ್ರಿಲ್ 28ರಂದು ಸಹಿಯಾದ ಆ ಒಪ್ಪಂದದಲ್ಲಿ ಒಂದೇ ಸೀಟಿನ 22, ಎರಡು ಸೀಟಿನ 4 ವಿಮಾನಗಳಿವೆ. ಅವುಗಳ ಜೊತೆ ಶಸ್ತ್ರ, ತರಬೇತಿ, ಸಿಮ್ಯುಲೇಟರ್, ಬಿಡಿಭಾಗ, ನಿರ್ವಹಣೆಯ ಕರಾರು, ವಾಯುಪಡೆಯಲ್ಲಿ ಈಗಾಗಲೇ ಇರುವ ರಫಾಲ್‌ಗಳಿಗೆ ಒಂದಷ್ಟು ಉಪಕರಣ, ಎಂಜಿನ್ ಮತ್ತು ಸೆನ್ಸರ್ ದುರಸ್ತಿಯ ವ್ಯವಸ್ಥೆ ಎಲ್ಲವೂ ಸೇರಿದೆ. 2016ರಲ್ಲಿ ವಾಯುಪಡೆಗೆಂದು 36 ರಫಾಲ್‌ಗೆ 787 ಕೋಟಿ ಯೂರೋ ಕೊಡಲು ಒಪ್ಪಿದಾಗಲೂ ಹೀಗೆಯೇ ಇತ್ತು. ಪತ್ರಿಕೆಗಳಲ್ಲಿ ಬಂದ ವಿವರದಂತೆ ಬರೀ ವಿಮಾನಕ್ಕೆ ಹೋದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ, 340 ಕೋಟಿ ಯೂರೋ ಸುಮಾರು. ನಮಗೆ ಬೇಕಾದಂತೆ ಮಾಡಿಸಿಕೊಂಡ ಮಾರ್ಪಾಡುಗಳಿಗೆ 170 ಕೋಟಿ, ಬಿಡಿಭಾಗ ಮತ್ತು ನೆಲೆಯ ಸೌಕರ್ಯಕ್ಕೆ 180 ಕೋಟಿ, ಉಳಿದದ್ದು ಶಸ್ತ್ರಕ್ಕೆ ಮತ್ತು ನಿರ್ವಹಣೆಗೆ. ಬೈತಖೋಲ ಬಂದರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬೋಟಿನ ಮೈಗೆ ಒಂದು ಬೆಲೆ. ಎಂಜಿನ್, ವಿಂಚ್, ಬಲೆ, ವಯರ್‌ಲೆಸ್ ಸೇರಿದರೆ ಬೇರೆಯೇ ಬೆಲೆ. ಎರಡನ್ನು ಕಲಸಿ "ಅವನು ಅಗ್ಗಕ್ಕೆ ತಂದ, ಇವನು ಮೋಸ ಹೋದ" ಎಂದರೆ ಅಲ್ಲಿ ಯಾರೂ ಒಪ್ಪುವುದಿಲ್ಲ. ದಿಲ್ಲಿಯಲ್ಲಿ ಮಾತ್ರ ಆಳುವವರೂ ವಿರೋಧಿಸುವವರೂ ವರ್ಷಗಟ್ಟಲೆ ಇದೇ ಲೆಕ್ಕದಲ್ಲಿ ಜಗಳವಾಡಿದರು.

ಹಾಗಾದರೆ ನಷ್ಟವೇ ಇಲ್ಲವೇ? ಇದೆ, ಬಹಳ ಇದೆ. ಕೊಂಡ ವಿಮಾನಗಳ ಸಂಖ್ಯೆಯಿಂದ ಭಾಗಿಸಬೇಡಿ, ಬೆಳಿಗ್ಗೆ ಎದ್ದು ಹಾರಲು ತಯಾರಿರುವ ವಿಮಾನಗಳ ಸಂಖ್ಯೆಯಿಂದ ಭಾಗಿಸಿ. ಆಗ ಕಾಣುತ್ತದೆ.

ನಿಮ್ಮ ಊರಿನ ಬಾಗಿಲಲ್ಲೇ ಇರುವ ಉದಾಹರಣೆ ಹೇಳುತ್ತೇವೆ. ವಿಕ್ರಮಾದಿತ್ಯದಂಥ ವಿಮಾನವಾಹಕ ಹಡಗುಗಳಿಗಾಗಿ ರಷ್ಯದ ಮಿಗ್-29ಕೆ ವಿಮಾನಗಳನ್ನು ಎರಡು ಕಂತಿನಲ್ಲಿ ಕೊಂಡೆವು: 2004ರಲ್ಲಿ 16, 2010ರಲ್ಲಿ 29. ಎರಡೂ ಸೇರಿ 220 ಕೋಟಿ ಡಾಲರ್. 2016ರಲ್ಲಿ ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಬಂತು. ಒಂದು ಸೀಟಿನ ವಿಮಾನಗಳಲ್ಲಿ ಹಾರಾಟಕ್ಕೆ ಲಭ್ಯವಿದ್ದದ್ದು ಶೇಕಡಾ 15.93ರಿಂದ 37.63. ಎರಡು ಸೀಟಿನವು ಶೇಕಡಾ 21.30ರಿಂದ 47.14. ಒಳ್ಳೆಯ ಕಾಲದಲ್ಲೂ ಮೂರು ವಿಮಾನ ಕೊಂಡರೆ ಹಾರುವುದು ಹೆಚ್ಚುಕಡಿಮೆ ಒಂದು. ಅಂದರೆ ಒಪ್ಪಂದದ ಕಾಗದದಲ್ಲಿದ್ದ ಬೆಲೆಯನ್ನು ನೀವು ಮೂರರಿಂದ ಗುಣಿಸಬೇಕು. ಮೀನುಗಾರಿಕೆಯಲ್ಲಿ ಜೂನ್, ಜುಲೈ 61 ದಿನ ಬೋಟು ದಡದಲ್ಲಿ ನಿಂತರೆ ಬ್ಯಾಂಕಿನ ಬಡ್ಡಿ ಹೇಗೆ ತಿನ್ನುತ್ತದೆ ಎಂದು ಕರಾವಳಿಯ ಪ್ರತಿ ಮನೆಗೂ ಗೊತ್ತು. ಈ ವಿಮಾನಗಳಿಗೆ ವರ್ಷದ ಬಹುಪಾಲು ಅದೇ ಸ್ಥಿತಿ.

ಯಾಕೆ ಹೀಗಾಯಿತು ಎಂಬುದು ಇನ್ನೂ ಮುಖ್ಯ. ಹಡಗಿನ ಮೇಲೆ ಇಳಿಯುವ ವಿಮಾನ ವಿಮಾನನಿಲ್ದಾಣದಲ್ಲಿ ಇಳಿದಂತೆ ಮೆಲ್ಲಗೆ ಇಳಿಯುವುದಿಲ್ಲ. ತಾಸಿಗೆ 200 ಕಿ.ಮೀ. ಮೀರಿದ ವೇಗದಲ್ಲಿ ಬಂದು ಡೆಕ್ಕಿಗೆ ಬಡಿಯುತ್ತದೆ. ಹಿಂದಿನ ಕೊಕ್ಕೆ ಅಡ್ಡ ಎಳೆದ ಉಕ್ಕಿನ ಹಗ್ಗಕ್ಕೆ ಸಿಕ್ಕಿ ನೂರು ಮೀಟರಿನೊಳಗೆ ನಿಲ್ಲಬೇಕು. ಆ ಪೆಟ್ಟು ಚಕ್ರದ ಕಾಲಿನಿಂದ ಹಿಡಿದು ಕಾಕ್‌ಪಿಟ್ಟಿನ ಸಣ್ಣ ಪೆಟ್ಟಿಗೆಯವರೆಗೆ ಎಲ್ಲಕ್ಕೂ ತಾಗುತ್ತದೆ. ನೆಲದ ವಿಮಾನವನ್ನೇ ತಿದ್ದಿ ಸಮುದ್ರಕ್ಕೆ ತಂದ ಮಿಗ್-29ಕೆಯಲ್ಲಿ ಪ್ರತಿ ಡೆಕ್ ಇಳಿತದ ನಂತರ ಏನಾದರೂ ಬಿರುಕು ಬಿಡುತ್ತಿತ್ತು, ಇಲ್ಲವೇ ಕೆಲಸ ನಿಲ್ಲಿಸುತ್ತಿತ್ತು. ಎಂಜಿನ್ ಕತೆ ಇನ್ನೂ ಕಷ್ಟದ್ದು. ಸೇವೆಗೆ ಬಂದ 2010ರಿಂದ ವರದಿಯ ಹೊತ್ತಿಗೆ ಬಳಕೆಯಲ್ಲಿದ್ದ 65 ಎಂಜಿನ್‌ಗಳಲ್ಲಿ 40ನ್ನು ವಿನ್ಯಾಸದ ದೋಷಕ್ಕಾಗಿ ಹೊರತೆಗೆಯಬೇಕಾಯಿತು. ವಿಮಾನಕ್ಕೆ ಎರಡು ಎಂಜಿನ್. ಒಂದು ಕೈಕೊಟ್ಟರೂ ಇಡೀ ವಿಮಾನ ಹ್ಯಾಂಗರಿನಲ್ಲಿ. ಬಿಡಿಭಾಗ ಹೊರದೇಶದಿಂದ ಬರುವವರೆಗೆ ಒಂದರದ್ದು ಕಿತ್ತು ಇನ್ನೊಂದಕ್ಕೆ ಹಾಕುವ ಪರಿಪಾಠ ಶುರುವಾಗುತ್ತದೆ. ಕಿತ್ತ ವಿಮಾನ ಮತ್ತೆ ಏಳುವುದು ಕಷ್ಟ. ಇಷ್ಟೆಲ್ಲ ಕೊರತೆಗಳಿದ್ದರೂ ವಿಮಾನಗಳನ್ನು ತಾಂತ್ರಿಕವಾಗಿ ಒಪ್ಪಿ ತೆಗೆದುಕೊಂಡರು ಎಂದು ಅದೇ ವರದಿ ಹೇಳುತ್ತದೆ. ತಂಗೀ, ಸಂಸತ್ತು ಸ್ತಬ್ಧವಾಗಬೇಕಿದ್ದದ್ದು ಈ ವಾಕ್ಯಕ್ಕೆ.

ಹಡಗಿನದ್ದೂ ಅಷ್ಟೇ. ಮುಂದೆ ವಿಕ್ರಮಾದಿತ್ಯವಾದ ಗೋರ್ಷ್ಕೋವ್ ಎಂಬ ಹಳೆಯ ರಷ್ಯನ್ ಹಡಗು ಪುಕ್ಕಟೆ, ದುರಸ್ತಿಯ ಖರ್ಚು 97.4 ಕೋಟಿ ಡಾಲರ್ ಎಂದು 2004ರಲ್ಲಿ ಒಪ್ಪಂದವಾಯಿತು. ಹಳೇ ಮನೆಯ ಹಂಚು ಇಳಿಸಿದ ಮೇಲೆ ತಾನೆ ಪಕಾಸಿಗೆ ಗೆದ್ದಲು ಹಿಡಿದದ್ದು ಕಾಣುವುದು? ಹಡಗು ಬಿಚ್ಚಿದಾಗ ಕೇಬಲ್‌ನಿಂದ ಹಿಡಿದು ಎಲ್ಲ ಕೆಲಸವೂ ಅಂದಾಜು ಮೀರಿತ್ತು. 2010ರ ಹೊತ್ತಿಗೆ ಬೆಲೆ 235 ಕೋಟಿ ಡಾಲರ್. 2012ರ ಪರೀಕ್ಷೆಯಲ್ಲಿ ಎಂಟು ಬಾಯ್ಲರ್‌ಗಳಲ್ಲಿ ಏಳು ಕೆಟ್ಟವು; ಆಸ್ಬೆಸ್ಟಾಸ್ ಬದಲು ಹಾಕಿದ್ದ ಬೆಂಕಿ ಇಟ್ಟಿಗೆ ಶಾಖಕ್ಕೆ ನಿಲ್ಲಲಿಲ್ಲ. 2008ಕ್ಕೆ ಬರಬೇಕಿದ್ದ ಹಡಗು ಕಾರವಾರ ತಲುಪಿದ್ದು 2014ರ ಜನವರಿಯಲ್ಲಿ. ಮುಂಗಡ ಕೊಟ್ಟು, ಕೊಳ್ಳಲು ಬೇರೆ ಹಡಗಿಲ್ಲದೆ, ವಿಮಾನಗಳನ್ನೂ ಕೊಂಡ ಮೇಲೆ ಚೌಕಾಸಿಗೆ ನಮ್ಮ ಕೈಯಲ್ಲಿ ಉಳಿದದ್ದೇನು?

ಈಗ ಇದರ ಎದುರು ಒಂದು ಒಳ್ಳೆಯ ಲೆಕ್ಕ ನೋಡಿ. ಕಾಳಿ ಸೇತುವೆಯಾಚೆಯ ಗೋವಾದವರಾದ ಮನೋಹರ ಪರ್ರೀಕರ್ 2014ರಲ್ಲಿ ರಕ್ಷಣಾ ಸಚಿವರಾದಾಗ ಸುಖೋಯ್-30 ವಿಮಾನಗಳಲ್ಲಿ ಅರ್ಧಕ್ಕಿಂತ ಕಡಿಮೆ ಹಾರಾಟಕ್ಕೆ ಸಿದ್ಧವಿದ್ದವು. ಬಿಡಿಭಾಗ ಪೂರೈಕೆ ಸರಿಪಡಿಸಿ ಅದನ್ನು ಶೇಕಡಾ 60ರ ಆಸುಪಾಸಿಗೆ ತಂದೆವೆಂದು ಅವರೇ ಬಹಿರಂಗವಾಗಿ ಹೇಳಿದರು. 200 ವಿಮಾನವೆಂದು ಹಿಡಿದರೂ ಶೇಕಡಾ 10 ಏರಿಕೆ ಎಂದರೆ 20 ವಿಮಾನ. ಒಂದೂ ಹೊಸ ವಿಮಾನ ಕೊಳ್ಳದೆ ಒಂದು ಸ್ಕ್ವಾಡ್ರನ್ ಹುಟ್ಟಿತು! ವಾಯುಪಡೆಯ 2016ರ ರಫಾಲ್ ಕರಾರಿನಲ್ಲಿ ನಮಗೆ ಮೆಚ್ಚುಗೆಯಾದ ಅಂಶವೂ ಇದೇ: ಶೇಕಡಾ 75 ವಿಮಾನಗಳು ಸದಾ ಸಿದ್ಧವಿರಬೇಕೆಂಬ ಹೊಣೆಯನ್ನು ಮಾರಿದವರ ಮೇಲೆ ಹಾಕಲಾಗಿದೆ ಎಂದು ವರದಿಯಾಗಿದೆ. ಇಡೀ ಜಗಳದಲ್ಲಿ ಈ ಷರತ್ತಿನ ಬಗ್ಗೆ ಮಾತಾಡಿದವರು ಎಷ್ಟು ಜನ?

ಕೊಳ್ಳುವಿಕೆಗೆ ಫೋಟೋ ಇದೆ, ಪೂಜೆ ಇದೆ, ಚುನಾವಣೆಯ ಭಾಷಣವಿದೆ. ಹೈಡ್ರಾಲಿಕ್ ಪಂಪಿನ ಸೀಲು ಸಮಯಕ್ಕೆ ಬಂತೆಂದು ಯಾರೂ ಹಾರ ಹಾಕುವುದಿಲ್ಲ. ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಎಫ್-35ರ ಬಿಡಿಭಾಗಗಳನ್ನು 45ಕ್ಕೂ ಹೆಚ್ಚು ರಾಜ್ಯಗಳಲ್ಲಿ ತಯಾರಿಸುತ್ತಾರೆ. ತನ್ನ ಕ್ಷೇತ್ರದ ಕಾರ್ಖಾನೆ ಮುಚ್ಚುವ ಮತ ಯಾವ ಸಂಸದ ಹಾಕಿಯಾನು? ಅದರ ಜೀವಿತಾವಧಿಯ ವೆಚ್ಚ 1.7 ಲಕ್ಷ ಕೋಟಿ ಡಾಲರ್ ದಾಟಿದೆ. 2023ರಲ್ಲಿ ಕಾರ್ಯಾಚರಣೆಗೆ ಸಿದ್ಧವಿದ್ದದ್ದು ಶೇಕಡಾ 55ರಷ್ಟು. ಅದಕ್ಕೂ ಹಿಂದೆ ಪಶ್ಚಿಮ ಜರ್ಮನಿ ಸ್ಟಾರ್‌ಫೈಟರ್ ಎಂಬ ವಿಮಾನವನ್ನು 900ಕ್ಕೂ ಹೆಚ್ಚು ತರಿಸಿತು. ಒಳ್ಳೆಯ ಹವೆಯಲ್ಲಿ ಎತ್ತರದಲ್ಲಿ ಹಾರಲು ಮಾಡಿದ್ದನ್ನು ಎಲ್ಲ ಕೆಲಸಕ್ಕೂ ಬಗ್ಗಿಸಿದರು. ಮೂರರಲ್ಲಿ ಒಂದರಷ್ಟು ಅಪಘಾತದಲ್ಲಿ ಹೋದವು, ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಅದನ್ನು ಮಾರಿದ ಲಾಕ್‌ಹೀಡ್ ಕಂಪನಿ ಹಲವು ದೇಶಗಳಲ್ಲಿ ವಿಮಾನ ಮಾರಲು ಲಂಚ ಕೊಟ್ಟದ್ದು 1976ರಲ್ಲಿ ಬಯಲಾಗಿ, ಜಪಾನಿನ ಮಾಜಿ ಪ್ರಧಾನಿ ತನಾಕಾ ಬಂಧನಕ್ಕೊಳಗಾದರು.

ನಮ್ಮಲ್ಲಿ ಲಂಚದ ಭಯ ಇನ್ನೊಂದು ಬಗೆಯ ದುಂದಿಗೆ ದಾರಿಯಾಯಿತು: ತಡ ಮಾಡುವ ದುಂದು. ಬೊಫೋರ್ಸ್ ಹಗರಣದ ನಂತರ ಮೂವತ್ತು ವರ್ಷ ಸೇನೆಗೆ ವಿದೇಶದಿಂದ ಹೊಸ ದೊಡ್ಡ ಫಿರಂಗಿ ಬರಲಿಲ್ಲ. ವಾಯುಪಡೆಗೆ 126 ಯುದ್ಧವಿಮಾನಗಳ ಟೆಂಡರ್ ಕರೆದದ್ದು 2007ರಲ್ಲಿ. 2012ರಲ್ಲಿ ರಫಾಲ್ ಆಯ್ಕೆಯಾಯಿತು, 2015ರಲ್ಲಿ ಪ್ರಧಾನಿ ಪ್ಯಾರಿಸ್ಸಿನಲ್ಲಿ 36 ಎಂದರು, ಮೊದಲ ಐದು ಅಂಬಾಲಾಕ್ಕೆ ಇಳಿದದ್ದು 2020ರ ಜುಲೈನಲ್ಲಿ. ಹದಿಮೂರು ವರ್ಷ! ಆ ತಡದ ಭಾರ ಹೊತ್ತವರು 2025ರ ಸೆಪ್ಟೆಂಬರ್‌ವರೆಗೂ ಮಿಗ್-21 ಹಾರಿಸಿದ ಹುಡುಗರು. ಫೈಲು ಹಿಡಿದು ಕೂತವರ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ.

ಇನ್ನು ಎಂಜಿನ್. ಈ ಪತ್ರಿಕೆ ಬಹಳ ವರ್ಷಗಳಿಂದ ಹೇಳುತ್ತ ಬಂದ ಮಾತು: ಎಂಜಿನ್ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲಿ. 1961ರಲ್ಲೇ ಬೆಂಗಳೂರಿನ ಎಚ್‌ಎಎಲ್ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ಮುಂದಾಳುತನದಲ್ಲಿ ಮಾರುತ್ ಯುದ್ಧವಿಮಾನ ಹಾರಿಸಿತು. ಮೈ ಚೆಂದ, ಶಕ್ತಿ ಸಾಲದು. ತಕ್ಕ ಎಂಜಿನ್‌ನ ಅಭಿವೃದ್ಧಿಗೆ ಹಣ ಹಾಕಲು ನಾವು ಹಿಂಜರಿದೆವು. 147 ಮಾಡಿ ಕೈಬಿಟ್ಟೆವು. ತೇಜಸ್ ಯುದ್ಧವಿಮಾನಕ್ಕೆಂದು ಇಲ್ಲೇ ಮಾಡಲು ಹೊರಟ ಕಾವೇರಿ ಎಂಜಿನ್‌ಗೆ 1989ರಲ್ಲಿ ಮಂಜೂರಾದದ್ದು 382.81 ಕೋಟಿ ರೂಪಾಯಿ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಇವತ್ತು ಎಚ್‌ಎಎಲ್ ತೇಜಸ್‌ನ ಮೈ ಕಟ್ಟಿ ಅಮೆರಿಕದ ಎಂಜಿನ್ ದಾರಿ ಕಾಯುತ್ತಿದೆ. 2021ರಲ್ಲಿ ಸುಮಾರು 48,000 ಕೋಟಿಗೆ ಹೇಳಿದ 83 ವಿಮಾನಗಳು ತಡವಾಗಲು ಇದೊಂದು ದೊಡ್ಡ ಕಾರಣ. ನೂರಾರು ಕೋಟಿಯಲ್ಲಿ ಜಿಪುಣತನ ಮಾಡಿ ಹತ್ತಾರು ಸಾವಿರ ಕೋಟಿ ತೆತ್ತಿದ್ದೇವೆ.

ನಿಮ್ಮ ಗೆಳತಿಯರ ಮಾತಿನಲ್ಲೂ ಒಂದು ಪಾಲು ಸತ್ಯವಿದೆ. ಕೊಲ್ಲಿಯಿಂದ ಬರುವ ತೈಲ ನಮ್ಮೆದುರಿನ ಸಮುದ್ರದಲ್ಲೇ ಹಾದು ಬರುತ್ತದೆ, ಅದನ್ನು ಕಾಯಲು ಹಡಗು ಬೇಕು, ಹಡಗಿಗೆ ವಿಮಾನ ಬೇಕು. ಶಸ್ತ್ರದ ಕೆಲವು ವಿವರ ಗುಟ್ಟಾಗಿರಬೇಕು. ಆದರೆ ಗುಟ್ಟು ಶತ್ರುವಿಗೆ ಇರಲಿ, ತೆರಿಗೆ ಕೊಟ್ಟವರಿಗೆ ಯಾಕೆ? 2019ರ ಮಹಾಲೇಖಪಾಲರ ರಫಾಲ್ ವರದಿಯಲ್ಲಿ ಬೆಲೆಗಳನ್ನೆಲ್ಲ ಮುಚ್ಚಿಟ್ಟು, ಹಿಂದಿನ ಟೆಂಡರಿನ ಬೆಲೆಗಿಂತ ಒಟ್ಟಾರೆ ಶೇಕಡಾ 2.86 ಅಗ್ಗ ಎಂಬಂಥ ಶೇಕಡಾವಾರು ಸಂಖ್ಯೆಗಳನ್ನು ಮಾತ್ರ ಕೊಟ್ಟರು. ಅಮೆರಿಕದವರು ಎಫ್-35 ಎಷ್ಟು ಹಾರುತ್ತದೆಂದು ತಾವೇ ಲೋಕಕ್ಕೆ ಹೇಳುತ್ತಾರೆ. ಲೆಕ್ಕ ಕೇಳುವುದು ದೇಶದ್ರೋಹವೆಂದರೆ ಮೊದಲ ದ್ರೋಹಿ ಐಸೆನ್‌ಹೋವರ್ ಆಗಬೇಕಾದೀತು. ಎರಡನೇ ಮಹಾಯುದ್ಧ ಗೆದ್ದ ಆ ಸೇನಾಪತಿ ಅಮೆರಿಕದ ಅಧ್ಯಕ್ಷರಾದ ಮೇಲೆ 1953ರಲ್ಲಿ, ಒಂದು ಬಾಂಬರ್ ವಿಮಾನದ ಬೆಲೆ ಮೂವತ್ತಕ್ಕೂ ಹೆಚ್ಚು ನಗರಗಳಲ್ಲಿ ಒಂದೊಂದು ಶಾಲೆ, ಇಲ್ಲವೇ ಎರಡು ಸುಸಜ್ಜಿತ ಆಸ್ಪತ್ರೆ ಎಂದು ಲೆಕ್ಕ ಕೊಟ್ಟರು.

ಆಸ್ಪತ್ರೆಯ ಮಾತಿಗೆ ಬರೋಣ. ಒಂದು ವಿಮಾನ ಬಿಟ್ಟರೆ ಆ ಹಣ ಕುಮಟೆಗೋ ಕಾರವಾರಕ್ಕೋ ತಾನಾಗಿ ಬರುವುದಿಲ್ಲ. ರಕ್ಷಣೆ ಕೇಂದ್ರದ್ದು, ಆಸ್ಪತ್ರೆ ಬಹುಮಟ್ಟಿಗೆ ರಾಜ್ಯದ್ದು. ಆದರೂ ನಿಮ್ಮ ನೋವು ನ್ಯಾಯವಾದದ್ದು. ನೌಕಾನೆಲೆಗೆ, ಕೈಗಾ ಅಣುಸ್ಥಾವರಕ್ಕೆ, ಕಾಳಿಯ ಅಣೆಕಟ್ಟುಗಳಿಗೆ, ಕೊಂಕಣ ರೈಲಿಗೆ, ಹೆದ್ದಾರಿಗೆ ಭೂಮಿ ಕೊಟ್ಟ ಜಿಲ್ಲೆ ಇದು. ಈಗ ಅಲಗೇರಿಯಲ್ಲಿ ವಿಮಾನನಿಲ್ದಾಣಕ್ಕೂ ಜಾಗ ಕೊಡುತ್ತಿದ್ದಾರೆ. ತಲೆಗೆ ಪೆಟ್ಟಾದವರನ್ನು ಜೀವ ಉಳಿಸಬಹುದಾದ ಮೊದಲ ತಾಸು, ಅಂದರೆ ಗೋಲ್ಡನ್ ಅವರ್‌ನೊಳಗೆ ಮುಟ್ಟಿಸುವ ಆಸ್ಪತ್ರೆಯನ್ನು ಇಲ್ಲಿ ಕೇಳುವುದು ಭಿಕ್ಷೆಯಲ್ಲ, ಬಾಕಿ ವಸೂಲಿ.

ನಿಮ್ಮಿಂದ ಒಂದು ಕೆಲಸ ಆಗಬೇಕು. ನೌಕಾಪಡೆಯ ಮೇಲಿನ ಮಹಾಲೇಖಪಾಲರ 2016ರ 17ನೇ ವರದಿಯನ್ನು ಹುಡುಕಿ ಓದಿ, ಬಿ.ಕಾಂ. ಓದುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇದೆ. ಆಮೇಲೆ ನಮ್ಮ ಸಂಸದರಿಗೆ ಪತ್ರ ಬರೆದು ಸದನದಲ್ಲಿ ಇವಿಷ್ಟು ಕೇಳಿಸಿ: ಹೊಸ 26 ವಿಮಾನಗಳಲ್ಲಿ ಶೇಕಡಾ ಎಷ್ಟು ಸದಾ ಸಿದ್ಧವಿರಬೇಕೆಂದು ಕರಾರಾಗಿದೆ, ತಪ್ಪಿದರೆ ದಂಡವೆಷ್ಟು, ಆ ಹೊಣೆ ಎಷ್ಟು ವರ್ಷದ್ದು, ಎಂಜಿನ್ ದುರಸ್ತಿ ದೇಶದೊಳಗೆ ಯಾವ ವರ್ಷದಿಂದ. ರಫಾಲ್‌ನ ರೆಕ್ಕೆ ಮಡಚುವುದಿಲ್ಲ, ನಮ್ಮ ವಿಮಾನವಾಹಕ ಹಡಗು ವಿಕ್ರಾಂತದ ಲಿಫ್ಟ್‌ಗಳನ್ನು ರೂಪಿಸಿದ್ದು ರೆಕ್ಕೆ ಮಡಚುವ ಮಿಗ್ ನೋಡಿಕೊಂಡು. ಕೆಳಗಿನ ಹ್ಯಾಂಗರಿಗೆ ಇಳಿಸಲು ಏನು ಏರ್ಪಾಡು ಎಂಬುದನ್ನೂ ಸೇರಿಸಿ. ಉತ್ತರ ಬಂದರೆ ನಮಗೆ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ನಿಮ್ಮ ಪ್ರಶ್ನೆಗಳನ್ನೇ ಪ್ರತಿ ತಿಂಗಳೂ ಇದೇ ಪುಟದಲ್ಲಿ ಹಾಕುತ್ತೇವೆ.

ಸಂ.