ತೋಟಾದ ಒಂದು ಕೇಸ್‌ಗೆ ಬಂದೂಕಿನ ಮದ್ದು ಎರಡು ಸಲ ಬಿದ್ದಿರಬಹುದು ಅನ್ನಿಸಿದರೆ, ಆ ತೋಟಾಗಳನ್ನು ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: 9 ಎಂಎಂ ಪಿಸ್ತೂಲಿನ ತೋಟಾ ರೀಲೋಡ್ ಮಾಡುತ್ತಿದ್ದಾಗ, ಅಂದರೆ ಹಾರಿಸಿದ ಖಾಲಿ ಕೇಸ್‌ಗೆ (ಲೋಹದ ಕವಚಕ್ಕೆ) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಬುಲೆಟ್ ಕೂರಿಸುತ್ತಿದ್ದಾಗ ಫೋನ್ ಬಂತು, ಎದ್ದು ಹೋಗಿ ಬಂದು ಮುಂದುವರಿಸಿದಿರಿ. ಯಾವುದೋ ಒಂದು ಕೇಸ್‌ಗೆ ಎರಡು ಸಲ ಮದ್ದು ಬಿತ್ತೇನೋ ಎಂದು ಈಗ ಅನುಮಾನ. ಅದು ಆಗಲೇ ಡಬ್ಬಿಯಲ್ಲಿ ಉಳಿದ ನೂರರ ಜೊತೆ ಬೆರೆತುಹೋಗಿದೆ. ತೂಕ ಹಾಕಿ ಹುಡುಕಿದರೆ ಸಾಕೇ?

ಸಾಲದು. ಅಷ್ಟನ್ನೂ ಬಿಚ್ಚಿ. ಬೇಸರದ ಕೆಲಸ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ತೂಕವನ್ನು ಏಕೆ ನಂಬಬಾರದು ನೋಡಿ. 9 ಎಂಎಂನಲ್ಲಿ ಮದ್ದು ಸಾಮಾನ್ಯವಾಗಿ 4ರಿಂದ 6 ಗ್ರೇನ್. ಒಂದು ಗ್ರೇನ್ ಅಂದರೆ 0.065 ಗ್ರಾಂನಷ್ಟೇ. ಖಾಲಿ ಕೇಸ್‌ಗಳನ್ನೇ ತಕ್ಕಡಿಗೆ ಹಾಕಿ: ಬೇರೆ ಬೇರೆ ತಯಾರಕರ ಕೇಸ್‌ಗಳ ನಡುವೆ ಕೆಲವು ಗ್ರೇನ್ ವ್ಯತ್ಯಾಸ ಸಿಗುತ್ತದೆ. ಬುಲೆಟ್‌ಗಳ ಏರಿಳಿತ ಅದರ ಮೇಲೆ ಸೇರುತ್ತದೆ. ಹಗುರ ಕೇಸ್, ಹಗುರ ಬುಲೆಟ್, ಎರಡು ಪಾಲು ಮದ್ದು ಒಂದೇ ತೋಟಾದಲ್ಲಿ ಕೂಡಿದರೆ ತಕ್ಕಡಿಗೆ ಅದು ಸರಿಯಾದ ತೋಟಾದಂತೆಯೇ ಕಾಣಬಹುದು. ತೂಕದಲ್ಲಿ ಎದ್ದು ಕಾಣುವುದು ಕೆಟ್ಟದ್ದೇ ಇರಬಹುದು, ಆದರೆ ಎದ್ದು ಕಾಣದ್ದು ಒಳ್ಳೆಯದು ಎಂದು ಹೇಳಲಾಗದು. ನಿಮಗೆ ಬೇಕಿರುವುದು ಆ ಎರಡನೆಯ ಉತ್ತರವೇ ಅಲ್ಲವೇ?

9 ಎಂಎಂಗೆ ಸಾಮಿ (SAAMI, ತೋಟಾಗಳ ಮಾನದಂಡ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಇಟ್ಟಿರುವ ಒತ್ತಡದ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಮದ್ದು ದುಪ್ಪಟ್ಟಾದರೆ ಒತ್ತಡ ದುಪ್ಪಟ್ಟಿಗೆ ನಿಲ್ಲುವುದಿಲ್ಲ, ಅದನ್ನೂ ಮೀರಿ ಏರುತ್ತದೆ. ಕೇಸ್ ಹರಿದು ಬಿಸಿ ಅನಿಲ ಮ್ಯಾಗಜಿನ್ ಕಡೆಗೆ ನುಗ್ಗಿದರೆ, ಹಿಡಿಯ ಸುತ್ತ ಇರುವುದು ನಿಮ್ಮ ಬೆರಳುಗಳು. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದಲ್ಲಿ ಇನ್ನೂ ಎಚ್ಚರ ಬೇಕು. 19ನೇ ಶತಮಾನದ ಕೊನೆಯಲ್ಲಿ ಕಪ್ಪು ಮದ್ದಿಗೆಂದು ಅಳತೆ ಮಾಡಿದ ಉದ್ದನೆಯ ಕೇಸ್ ಅದು. ಇಂದಿನ ವೇಗದ ಮದ್ದು ಅದರ ತಳದಲ್ಲಿ ಚೂರೇ ಚೂರು ಕಾಣುತ್ತದೆ, ಎರಡು ಪಾಲು ಬಿದ್ದರೂ ತುಳುಕುವುದಿಲ್ಲ. ಅದಕ್ಕೇ ನಾನು ಒಂದು ಪಾಲಿಗೇ ಅರ್ಧಕ್ಕಿಂತ ಹೆಚ್ಚು ಕೇಸ್ ತುಂಬುವ, ಉಬ್ಬು ಹೆಚ್ಚಿರುವ ಮದ್ದನ್ನು ಆರಿಸಿಕೊಳ್ಳುತ್ತೇನೆ. ಎರಡನೆಯ ಪಾಲು ಬಿದ್ದರೆ ಮೇಜಿನ ಮೇಲೆಲ್ಲ ಚೆಲ್ಲಿ ತಾನಾಗಿಯೇ ತಿಳಿಸುತ್ತದೆ.

ಬಿಚ್ಚುವುದಕ್ಕೆ ಸುತ್ತಿಗೆಯಂತಹ ಬುಲೆಟ್ ಪುಲ್ಲರ್ ಸಾಕು. ಮೊದಲು ಕನ್ನಡಕ ಹಾಕಿ. ತೋಟಾದ ಅಂಚು ಕಾಲೆಟ್‌ನಲ್ಲಿ (ಅದನ್ನು ಹಿಡಿದಿಡುವ ಹಿಡಿಕೆಯಲ್ಲಿ) ಸರಿಯಾಗಿ ಕೂತಿದೆಯೇ ನೋಡಿ, ಮುಚ್ಚಳ ಬಿಗಿ ಮಾಡಿ, ಗಟ್ಟಿ ಮರದ ದಿಮ್ಮಿಯ ಮೇಲೆ ಹೊಡೆಯಿರಿ. ಎರಡು ಮೂರು ಏಟಿಗೆ ಬುಲೆಟ್ ಸಡಿಲವಾಗಿ ಮದ್ದಿನ ಜೊತೆ ಪುಲ್ಲರ್‌ನ ತಲೆಯೊಳಗೆ ಉದುರುತ್ತದೆ. ರಿಮ್‌ಫೈರ್ ತೋಟಾವನ್ನು (ಕಿಡಿ ಹೊತ್ತಿಸುವ ಮಿಶ್ರಣ ಅಂಚಿನಲ್ಲೇ ಇರುವಂಥದ್ದನ್ನು) ಮಾತ್ರ ಇದರಲ್ಲಿ ಎಂದೂ ಇಡಬೇಡಿ. ಹೊರಬಂದ ಮದ್ದನ್ನು ಡಬ್ಬಿಗೆ ಮರಳಿ ಸುರಿಯಬೇಡಿ. ಒಂದೊಂದು ಚಮಚದಷ್ಟನ್ನು ಬಯಲು ಮಣ್ಣಿನ ಮೇಲೆ ತೆಳ್ಳಗೆ ಹರಡಿಬಿಡಿ. ಪ್ರೈಮರ್ ಕೀಳುವ ಅಗತ್ಯವಿಲ್ಲ, ಆ ಕೇಸ್‌ಗಳನ್ನು ಹಾಗೆಯೇ ಮತ್ತೆ ಬಳಸಬಹುದು. ಕೇಸ್ ಅನ್ನು ಅಳತೆಗೆ ತರುವ ಸೈಜಿಂಗ್ ಡೈಗೆ ಹಾಕುವುದಿದ್ದರೆ, ಪ್ರೈಮರ್ ಹೊರದಬ್ಬುವ ಡೀಕ್ಯಾಪಿಂಗ್ ಪಿನ್ ತೆಗೆದಿಡಲು ಮರೆಯಬೇಡಿ.

ನಾನೂ ಒಮ್ಮೆ ಹೀಗೆ 63 ತೋಟಾ ಬಿಚ್ಚಿದೆ. ನನ್ನ ಅನುಮಾನವೂ ಎರಡು ಪಾಲಿನದ್ದೇ. ಒಂದೊಂದನ್ನೂ ಬಿಳಿ ತಟ್ಟೆಗೆ ಸುರಿದು ನೋಡುತ್ತಾ ಹೋದೆ, ಎಲ್ಲದರಲ್ಲೂ ಅದೇ ಪುಟ್ಟ ಬೂದು ಗುಡ್ಡೆ. ನಲವತ್ತು ದಾಟಿದ ಮೇಲೆ ಒಂದನ್ನು ಬೋರಲು ಹಾಕಿದರೆ ತಟ್ಟೆಗೆ ಬಿದ್ದದ್ದು ಬುಲೆಟ್ ಒಂದೇ, ಮದ್ದಿನ ಒಂದು ಕಾಳೂ ಇಲ್ಲ. ಅಂದರೆ ನಾನು ಹುಡುಕುತ್ತಿದ್ದ ತಪ್ಪು ಅಲ್ಲಿರಲಿಲ್ಲ, ಹುಡುಕದೇ ಇದ್ದದ್ದು ಸಿಕ್ಕಿತು. ಅದು ಹಾರಿದ್ದರೆ ಪ್ರೈಮರ್‌ನ ಬಲಕ್ಕೇ ಬುಲೆಟ್ ನಳಿಗೆಯೊಳಗೆ ನುಗ್ಗಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಹಾಗಾಗಿ ಹಾರಿಸುವಾಗ 'ಢಂ' ಎನ್ನುವ ಬದಲು 'ಟಪ್' ಎಂದರೆ, ಕೈಗೆ ಒದೆತವೇ ಗೊತ್ತಾಗದಿದ್ದರೆ, ಸ್ಲೈಡ್ ಎಳೆದು ಮುಂದುವರಿಸಬೇಡಿ. ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ಆಮೇಲೆ ಪೂರ್ತಿ ಖಾಲಿ ಮಾಡಿ, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಕೇಸ್‌ನ ತಳದಿಂದ ಪ್ರೈಮರ್ ಚೂರು ಎತ್ತರಕ್ಕೆ ನಿಂತಿದ್ದರೂ ಇದೇ ದಾರಿ. ಮದ್ದು, ಬುಲೆಟ್ ಕೂತ ತೋಟಾದಲ್ಲಿ ಅದನ್ನು ಒತ್ತಿ ಸರಿಪಡಿಸಲು ಹೋಗಬೇಡಿ. ಮೊದಲು ಬಿಚ್ಚಿ, ಆಮೇಲೆ ಒತ್ತಿ.

ಮುಂದಿನ ಸಲಕ್ಕೆ: ಮದ್ದು ಹಾಕಿದ ಕೇಸ್‌ಗಳನ್ನೆಲ್ಲ ಲೋಡಿಂಗ್ ಬ್ಲಾಕ್‌ನಲ್ಲಿ (ಕೇಸ್ ನಿಲ್ಲಿಸುವ ತೂತುಗಳಿರುವ ಹಲಗೆಯಲ್ಲಿ) ನಿಲ್ಲಿಸಿ, ಬುಲೆಟ್ ಕೂರಿಸುವ ಮೊದಲು ಟಾರ್ಚ್ ಹಿಡಿದು ಐವತ್ತನ್ನೂ ಸಾಲಾಗಿ ನೋಡಿ. ಅಕ್ಕಪಕ್ಕದಲ್ಲಿಟ್ಟಾಗ ಹೆಚ್ಚು ಕಡಿಮೆ ಕಣ್ಣಿಗೆ ಹೊಡೆದು ಕಾಣುತ್ತದೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ಯಾರಾದರೂ ಕರೆದರೆ ಕೈಯಲ್ಲಿರುವ ಕೇಸ್‌ನ ಮದ್ದನ್ನು ಸುರಿದುಬಿಟ್ಟು ಏಳಿ. ಹಲವು ಕೇಸ್‌ಗಳ ಬೇರೆ ಬೇರೆ ಹಂತವನ್ನು ಒಟ್ಟಿಗೆ ಮಾಡುವ ಪ್ರೋಗ್ರೆಸಿವ್ ಪ್ರೆಸ್ ಆಗಿದ್ದರೆ ಎಲ್ಲ ಸ್ಟೇಷನ್‌ಗಳನ್ನೂ ಖಾಲಿ ಮಾಡಿ.

ಬಿಚ್ಚಲು ಇವತ್ತೇ ಸಮಯವಿಲ್ಲದಿದ್ದರೂ ಪರವಾಗಿಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಹಾರಿಸಬೇಡಿ, ಬಿಚ್ಚಬೇಕು' ಎಂದು ಈಗಲೇ ಬರೆದು, ರೇಂಜ್‌ಗೆ ಒಯ್ಯುವ ಚೀಲದಿಂದ ದೂರ, ಬೀಗ ಹಾಕಿದ ಕಪಾಟಿನಲ್ಲಿಡಿ.