ಹಾಲು ಆಗುತ್ತಿಲ್ಲ ಅನ್ನಿಸಿದರೆ ಜೀನ್ ಪರೀಕ್ಷೆ ಮಾಡಿಸಬೇಕೇ?

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಜೀನ್ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಲೇ ಎಂದು ಕೇಳಿದ್ದೀರಿ. ನಾನೂ ಮಾಡಿಸಿದ್ದೆ. ವರದಿಯಲ್ಲಿ 'ಸಿಟಿ' ಎಂದು ಬಂತು, ಅಂದರೆ ಹಾಲು ಅರಗಿಸಬಲ್ಲ ಜೀನ್. ಹಾಗಾದರೆ ಹಾಲಿನದೇನೂ ತಪ್ಪಿಲ್ಲ ಎಂದುಕೊಂಡು ಒಂದೂವರೆ ವರ್ಷ ಕುಡಿಯುತ್ತಲೇ ಇದ್ದೆ, ನರಳುತ್ತಲೇ ಇದ್ದೆ.

ಎಡವಿದ್ದು ಎಲ್ಲಿ ಅಂದರೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗಿಸುವ ಲ್ಯಾಕ್ಟೇಸ್ ಕಿಣ್ವ ತಯಾರಾಗುವುದು ಎರಡನೇ ಕ್ರೋಮೋಸೋಮಿನ ಎಲ್‌ಸಿಟಿ ಜೀನಿನಿಂದ. ಪರೀಕ್ಷೆ ನೋಡುವುದು ಆ ಜೀನನ್ನಲ್ಲ. ಪಕ್ಕದ ಎಂಸಿಎಂ6 ಜೀನಿನೊಳಗೆ, ಎಲ್‌ಸಿಟಿ ಶುರುವಾಗುವ ಜಾಗಕ್ಕಿಂತ 13,910 ಡಿಎನ್‌ಎ ಅಕ್ಷರ ಹಿಂದಿರುವ ಒಂದೇ ಒಂದು ಅಕ್ಷರವನ್ನು. 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಗುರುತಿಸಿದ ಈ ಜಾಗ ಒಂದು ಸ್ವಿಚ್ ಇದ್ದಂತೆ. ಆ ಅಕ್ಷರದ ಎರಡು ಪ್ರತಿ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ 'ಸಿ' ಇದ್ದರೆ ಬಾಲ್ಯ ಕಳೆದಂತೆ ಕಿಣ್ವ ಇಳಿಯುತ್ತದೆ. ಒಂದು 'ಟಿ' ಇದ್ದರೂ ಸಾಕು, ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಆದರೆ ಕಿಣ್ವ ಇರುವುದು ಸಣ್ಣ ಕರುಳಿನ ಒಳಪದರದ ತುದಿಯಲ್ಲಿ. ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ), ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಯ ಸೋಂಕು, ಜೋರಾದ ವಾಂತಿಭೇದಿ, ಯಾವುದರಿಂದಲಾದರೂ ಆ ಪದರ ಹಾಳಾದರೆ ನಿಮ್ಮದು 'ಟಿಟಿ' ಆಗಿದ್ದರೂ ಹಾಲು ಅರಗದು. ಸ್ವಿಚ್ ಹಾಕಿದೆ, ಬಲ್ಬ್ ಸುಟ್ಟಿದೆ. ನನ್ನದು ಸೀಲಿಯಾಕ್. ವರದಿ ಸರಿಯಾಗಿಯೇ ಇತ್ತು, ಅದು ಉತ್ತರಿಸಲಾಗದ ಪ್ರಶ್ನೆಯನ್ನು ನಾನು ಅದಕ್ಕೆ ಕೇಳಿದ್ದೆ.

'ಸಿಸಿ' ಬಂದರೂ ಏನೂ ಖಚಿತವಾಗುವುದಿಲ್ಲ. ಪ್ರಪಂಚದ ವಯಸ್ಕರಲ್ಲಿ ಹೆಚ್ಚಿನವರಿಗೆ ಲ್ಯಾಕ್ಟೇಸ್ ಇಳಿದಿರುತ್ತದೆ, ಆದರೂ ಅವರಲ್ಲಿ ಬಹುಪಾಲು ಜನ ಒಂದು ಲೋಟ ಹಾಲನ್ನು, ಅಂದರೆ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಅನ್ನು, ತೊಂದರೆಯಿಲ್ಲದೆ ಕುಡಿಯುತ್ತಾರೆ. ಪುಟ್ಟ ಮಗುವಿಗೆ 'ಸಿಸಿ' ಬಂದರೆ ಅದು ಮುಂದಿನ ಮಾತು, ಇಂದಿನದಲ್ಲ. ಪೂರ್ವ ಆಫ್ರಿಕಾ, ಅರೇಬಿಯಾ ಮೂಲದವರಲ್ಲಿ ಸ್ವಿಚ್ಚೇ ಬೇರೆ: 14010, 13915ನೇ ಜಾಗಗಳು. 13910 ಮಾತ್ರ ನೋಡುವ ಲ್ಯಾಬ್ ಅವರಿಗೆ ತಪ್ಪು ತೀರ್ಪು ಕೊಡಬಹುದು. (ವರದಿಯಲ್ಲಿ 'ಜಿಜಿ', 'ಎಎ' ಎಂದಿದ್ದರೆ ಗಾಬರಿಯಾಗಬೇಡಿ. ಡಿಎನ್‌ಎಯ ಎದುರು ಎಳೆಯನ್ನು ಓದಿದ್ದಾರೆ ಅಷ್ಟೇ. 'ಜಿಜಿ' ಅಂದರೆ 'ಸಿಸಿ', 'ಎಎ' ಅಂದರೆ 'ಟಿಟಿ'.)

ನನ್ನ ಕೇಳಿದರೆ, ಮೊದಲು ಹೈಡ್ರೋಜನ್ ಉಸಿರಿನ ಪರೀಕ್ಷೆ ಮಾಡಿಸಿ. ಅರಗದ ಲ್ಯಾಕ್ಟೋಸ್ ಅನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಸಿದಾಗ ಹುಟ್ಟುವ ಹೈಡ್ರೋಜನ್ ಉಸಿರಿನಲ್ಲಿ ಬರುತ್ತದೆ, ಅದನ್ನು ಅಳೆಯುತ್ತಾರೆ. ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ 25 ಅಥವಾ 50 ಗ್ರಾಂ ಲ್ಯಾಕ್ಟೋಸ್ ನೀರಿನಲ್ಲಿ ಕುಡಿಯಬೇಕು. ಆಮೇಲೆ ಅರ್ಧ ಗಂಟೆಗೊಮ್ಮೆ, ಮೂರು ಗಂಟೆ ಉಸಿರು ಊದಬೇಕು. ಹೈಡ್ರೋಜನ್ ಆರಂಭದ ಮಟ್ಟಕ್ಕಿಂತ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಏರಿದರೆ ಪಾಸಿಟಿವ್. ಇದು ಕೆಡುವುದು ತಯಾರಿಯಲ್ಲೇ: ಹಿಂದಿನ ನಾಲ್ಕು ವಾರದಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಮುಂದೂಡಿ, ಹಿಂದಿನ ದಿನ ಕಾಳು, ನಾರಿನಂಶ ಬೇಡ, ಆ ಬೆಳಿಗ್ಗೆ ಸಿಗರೇಟು, ವ್ಯಾಯಾಮ ಎರಡೂ ಬೇಡ. ಕೆಲವರ ಕರುಳಿನಲ್ಲಿ ಹೈಡ್ರೋಜನ್ ಮೀಥೇನ್ ಆಗಿಬಿಡುತ್ತದೆ, ಆದ್ದರಿಂದ ಮೀಥೇನನ್ನೂ ಅಳೆಯುವ ಯಂತ್ರವಿದೆಯೇ ಎಂದು ಕೇಳಿ. ಊದುತ್ತಿರುವಾಗಲೇ ಹೊಟ್ಟೆನೋವು, ಉಬ್ಬರ ಶುರುವಾದ ಸಮಯ ಬರೆದಿಡಿ. ಅಂಕಿ ಏರಿದರೂ ಲಕ್ಷಣವಿಲ್ಲದಿದ್ದರೆ ಹಾಲು ಬಿಡುವ ಅಗತ್ಯವೇ ಇಲ್ಲ.

ಪಾಸಿಟಿವ್ ಬಂದ ಮೇಲೆ ಜೀನ್ ಪರೀಕ್ಷೆಗೆ ಬೆಲೆ ಬರುತ್ತದೆ. 'ಸಿಸಿ' ಇದ್ದರೆ ಕಾರಣ ಬಹುತೇಕ ಅದೇ. 'ಸಿಟಿ' ಅಥವಾ 'ಟಿಟಿ' ಇದ್ದರೆ ಕರುಳಿನಲ್ಲಿ ಬೇರೇನೋ ನಡೆಯುತ್ತಿದೆ, ಸೀಲಿಯಾಕ್‌ನ ಟಿಟಿಜಿ ರಕ್ತಪರೀಕ್ಷೆ ಮಾಡಿಸಿ. ಅದಕ್ಕೂ ಮುಂಚೆ ಗೋಧಿ ಬಿಟ್ಟುಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು.